ನಮ್ಮ ಕೋವಿಗೆ ಲಂಡನ್ನಿನಲ್ಲಿ ಚಿನ್ನದ ಬೆಲೆ, ನಮ್ಮೂರಲ್ಲಿ ತೂಕದ ಬೆಲೆ

2023ರಲ್ಲಿ ಬ್ರಿಟನ್ ಸರ್ಕಾರ ಒಂದು ಕೋವಿಯ ಮೇಲೆ ತಾತ್ಕಾಲಿಕ ನಿರ್ಬಂಧ ಹಾಕಿತು. ಆ ಕೋವಿ ದೇಶ ಬಿಟ್ಟು ಹೋಗಬಾರದು, ದೇಶದೊಳಗಿನ ಯಾವುದಾದರೂ ಮ್ಯೂಸಿಯಂ ಅದನ್ನು ಕೊಂಡು ಉಳಿಸಿಕೊಳ್ಳಲು ಸಮಯ ಸಿಗಲಿ ಅಂತ. ಬೆಲೆ 20 ಲಕ್ಷ ಪೌಂಡ್, ನಮ್ಮ ಲೆಕ್ಕದಲ್ಲಿ ಇಪ್ಪತ್ತು ಕೋಟಿ ರೂಪಾಯಿ.

ಆ ಕೋವಿ ಯಾವುದು ಗೊತ್ತಾ? 1793-94ರಲ್ಲಿ ಟಿಪ್ಪು ಸುಲ್ತಾನನಿಗಾಗಿ ಮಾಡಿದ್ದು. ಮಾಡಿದವನ ಹೆಸರು ಅಸದ್ ಖಾನ್ ಮುಹಮ್ಮದ್. ಅದು ಕಾರ್ನ್‌ವಾಲಿಸನ ಕೈ ಸೇರಿತ್ತು ಅಂತ ಹೇಳುತ್ತಾರೆ. ಅಂದರೆ ನಮ್ಮ ಸೀಮೆಯ ಕೆಲಸಗಾರ ಮಾಡಿದ ಕೋವಿ ಇಂಗ್ಲೆಂಡಿನಿಂದ ಆಚೆ ಹೋಗಿಬಿಟ್ಟರೆ ಇಂಗ್ಲೆಂಡಿನ ಪರಂಪರೆಗೆ ನಷ್ಟವಂತೆ! ಓದಿ ನಗು ಬಂತು. ಆಮೇಲೆ ಯೋಚಿಸಿದರೆ ನಗೋದಕ್ಕೆ ನಮಗೆ ಹಕ್ಕಿಲ್ಲ ಅನ್ನಿಸಿತು. ಅವರಿಗೆ ಆ ಕಮ್ಮಾರನ ಹೆಸರಾದರೂ ಗೊತ್ತು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಅಸದ್ ಖಾನ್ ಮುಹಮ್ಮದ್ ಯಾರು ಅಂತ ಕೇಳಿ ನೋಡಿ. ಯಾವ ವಾರ್ಡಿನವರು, ಯಾವ ಪಾರ್ಟಿ ಅಂತ ತಿರುಗಿ ಕೇಳ್ತಾರೆ :-)

ಪ್ರತಿ ಸಲ ಲಂಡನ್ನಿನಲ್ಲಿ ಟಿಪ್ಪುವಿನ ಕತ್ತಿಯೋ ಕೋವಿಯೋ ಹರಾಜಾದಾಗ ನಮ್ಮಲ್ಲಿ ನಾಲ್ಕು ದಿನ ಗದ್ದಲ ಆಗುತ್ತೆ. "ವಾಪಸ್ ತನ್ನಿ" ಅಂತ ಒಬ್ಬರು, "ಆ ಮತಾಂಧನ ಕತ್ತಿ ನಮಗ್ಯಾಕೆ" ಅಂತ ಇನ್ನೊಬ್ಬರು. ಐದನೇ ದಿನ ಇಬ್ಬರೂ ಮರೆತಿರುತ್ತಾರೆ. ಈ ಇಬ್ಬರ ಜೊತೆಗೂ ನನ್ನ ಜಗಳವಿದೆ. ಅದನ್ನು ಬಿಡಿಸಿ ಹೇಳೋದಕ್ಕೇ ಈ ಬರಹ. ಸ್ವಲ್ಪ ಉದ್ದವಾಗುತ್ತೆ, ಸಹಿಸಿಕೊಳ್ಳಿ.

* * *

ಮೊದಲು ಬೆಲೆ ಏರಿದ್ದು ಹೇಗೆ ಅಂತ ನೋಡೋಣ.

ಹಳೆಯ ಆಯುಧ ಸಂಗ್ರಹಿಸುವವರ ಲೋಕದಲ್ಲಿ ಒಂದು ವಿಚಿತ್ರ ಪದ್ಧತಿ ಇದೆ. ಇವತ್ತು ಮೂಸಿಯೂ ನೋಡದ ವಸ್ತುವಿಗೆ ಇಪ್ಪತ್ತು ವರ್ಷ ಬಿಟ್ಟು ಮುಗಿಬೀಳುತ್ತಾರೆ. ರಷ್ಯಾದ 1895ರ ನಾಗಾಂತ್ ರಿವಾಲ್ವರ್ ಅಂತ ಒಂದಿದೆ. 2000ದ ದಶಕದಲ್ಲಿ ಅಮೆರಿಕದಲ್ಲಿ ಅದು ನೂರು ಡಾಲರ್ ಆಸುಪಾಸಿಗೆ ಸಿಗುತ್ತಿತ್ತು. ಪೆಟ್ಟಿಗೆಗಟ್ಟಲೆ ಬಂದ ಮಿಲಿಟರಿ ಮಾಲು, ಕುದುರೆ ಎಳೆಯೋಕೆ ಕಷ್ಟ, ಗುಂಡು ತುಂಬೋಕೆ ನಿಧಾನ ಅಂತ ಎಲ್ಲರೂ ಮೂಗು ಮುರಿಯುತ್ತಿದ್ದರು. ಈಗ ಅದರ ಬೆಲೆ ಕೆಲವು ಪಟ್ಟು ಏರಿದೆ. ಇಂಗ್ಲಿಷರ ವೆಬ್ಲಿ ರಿವಾಲ್ವರಿನ ಕಥೆಯೂ ಇದೇ. ಪೆಟ್ಟಿಗೆ ಖಾಲಿಯಾದ ಮೇಲೆ ಬುದ್ಧಿ ಬರೋದು.

ನಮ್ಮ ದೇಶದಲ್ಲೂ ಹಳೆಯ ವೆಬ್ಲಿ ಅಂಡ್ ಸ್ಕಾಟ್ ರಿವಾಲ್ವರಿಗೆ ಲಕ್ಷಗಟ್ಟಲೆ ಕೊಡುವವರಿದ್ದಾರೆ. ಆದರೆ ಅದು ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ. ವಿದೇಶಿ ರಿವಾಲ್ವರ್ ತರಿಸಿಕೊಳ್ಳೋದಕ್ಕೆ ಸಾಮಾನ್ಯರಿಗೆ ಅವಕಾಶ ಬಂದ್ ಆಗಿ ದಶಕಗಳಾದವು. ದೇಶದೊಳಗೆ ಇರುವಷ್ಟೇ ಮಾಲು. ಹಾಗಾಗಿ ಬೆಲೆ. ಸೊಂಟದಲ್ಲಿ ಇಂಗ್ಲೆಂಡಿನ ಮಾಲಿದೆ ಅಂತ ಮದುವೆ ಮನೆಯಲ್ಲಿ ತೋರಿಸಿಕೊಳ್ಳುವ ಶೋಕಿಗೆ ಕೊಡುವ ದುಡ್ಡನ್ನು ಪರಂಪರೆಯ ಮೆಚ್ಚುಗೆ ಅಂತ ಕರೆಯಬೇಡಿ. ಬೆಲೆ ಬೇರೆ, ಬೆಲೆ ತಿಳಿಯೋದು ಬೇರೆ.

ಟಿಪ್ಪುವಿನ ಕೋವಿಗಳ ವಿಷಯದಲ್ಲಿ ಆದದ್ದು ಈ ಎರಡನೆಯದು. 1799ರ ಮೇ 4ರಂದು ಪಟ್ಟಣ ಬಿದ್ದಾಗ ಇಂಗ್ಲಿಷ್ ಅಧಿಕಾರಿಗಳು ಹೊತ್ತುಕೊಂಡು ಹೋದ ಮಾಲಿನಲ್ಲಿ ಕತ್ತಿಗೆ, ಸಿಂಹಾಸನದ ಚಿನ್ನದ ಹುಲಿತಲೆಗೆ, ಆಟಿಕೆ ಹುಲಿಗೆ ಹೆಸರು ಬಂತು. ಕೋವಿಗಳು ಮಾತ್ರ ಮನೆಗಳ ಗೋಡೆಯ ಮೇಲೆ, ಅಟ್ಟದಲ್ಲಿ ಉಳಿದವು. ಯುರೋಪಿನ ಕೋವಿಯ ನಕಲು ಅಂತ ಹೆಚ್ಚಿನವರು ತಳ್ಳಿಹಾಕಿದ್ದರು. ರಾಬಿನ್ ವಿಗಿಂಗ್ಟನ್ ಅಂತ ಒಬ್ಬ ಇಂಗ್ಲಿಷ್ ಹಳೆ ವಸ್ತುಗಳ ವ್ಯಾಪಾರಿ ಇದ್ದ. ಒಂದೊಂದಾಗಿ ಕೂಡಿಹಾಕಿದ, ಬೇರೆಯವರ ಹತ್ತಿರ ಇದ್ದವನ್ನು ಹೋಗಿ ನೋಡಿ ಬರೆದುಕೊಂಡ. 1992ರಲ್ಲಿ ಟಿಪ್ಪುವಿನ ಕೋವಿ-ಪಿಸ್ತೂಲುಗಳ ಮೇಲೆಯೇ ಒಂದು ಪುಸ್ತಕ ತಂದ. ಯಾವ ಮುದ್ರೆ ಎಲ್ಲಿರುತ್ತದೆ, ಯಾವ ವರ್ಷದ್ದು ಹೇಗೆ ಗುರುತಿಸೋದು, ಯಾವುದು ಅಸಲಿ, ಯಾವುದು ಆಮೇಲೆ ಜೋಡಿಸಿದ್ದು, ಎಲ್ಲ ಅದರಲ್ಲಿ.

ಆಮೇಲೆ ನೋಡಿ ತಮಾಷೆ. ಅದೇ ವಿಗಿಂಗ್ಟನ್ ಸಂಗ್ರಹ 2015ರ ಏಪ್ರಿಲ್ 21ರಂದು ಲಂಡನ್ನಿನ ಬಾನಮ್ಸ್‌ನಲ್ಲಿ ಹರಾಜಿಗೆ ಬಂತು. 30 ಲಾಟು, ಒಟ್ಟು 60 ಲಕ್ಷ ಪೌಂಡಿಗೂ ಮೇಲೆ ಎದ್ದಿತು. 40-60 ಸಾವಿರ ಪೌಂಡ್ ಅಂದಾಜಿಟ್ಟಿದ್ದ ಒಂದು ಕಂಚಿನ ಫಿರಂಗಿ 14 ಲಕ್ಷ ಪೌಂಡ್ ದಾಟಿತು. ಬೆಳ್ಳಿ ಕೂರಿಸಿದ ಒಂದು ಬೇಟೆ ಕೋವಿಗೆ 7 ಲಕ್ಷ 22 ಸಾವಿರ. 2019ರ ಮಾರ್ಚಿನಲ್ಲಿ ಬರ್ಕ್‌ಷೈರಿನ ಒಂದು ಮನೆಯ ಅಟ್ಟದಲ್ಲಿ ಸಿಕ್ಕ ಕೋವಿ 60 ಸಾವಿರ ಪೌಂಡಿಗೆ ಹೋಯಿತು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಒಬ್ಬನ ವಂಶದವರ ಮನೆ ಅದು. ಏನಿಟ್ಟುಕೊಂಡಿದ್ದೇವೆ ಅಂತ ಅವರಿಗೇ ಸರಿಯಾಗಿ ಗೊತ್ತಿರಲಿಲ್ಲ. 2023ರ ಮೇನಲ್ಲಂತೂ ಪಟ್ಟಣ ಬಿದ್ದಮೇಲೆ ಡೇವಿಡ್ ಬೇರ್ಡನಿಗೆ ಕೊಟ್ಟಿದ್ದ ಶಯ್ಯಾಗೃಹದ ಕತ್ತಿ ಒಂದು ಕೋಟಿ 40 ಲಕ್ಷ ಪೌಂಡಿಗೆ ಮಾರಿಹೋಯಿತು. ಅಂದಾಜು ಇದ್ದದ್ದು ಹದಿನೈದರಿಂದ ಇಪ್ಪತ್ತು ಲಕ್ಷ!

ಇಲ್ಲಿ ಒಂದು ಅಂಶ ಗಮನಿಸಿ. ಮೊದಲು ಬಂದದ್ದು ದುಡ್ಡಲ್ಲ, ಪಟ್ಟಿ. ಕೂತು ನೋಡಿ, ಅಳೆದು, ಫೋಟೋ ತೆಗೆದು, ಬರೆದಿಟ್ಟ ಪಟ್ಟಿ. ದುಡ್ಡು ಅದರ ಹಿಂದೆ ಬಾಲ ಅಲ್ಲಾಡಿಸಿಕೊಂಡು ಬಂತು. ಆ ಪಟ್ಟಿ ನಾವು ಮಾಡಬಹುದಿತ್ತು. ಮಾಡಲಿಲ್ಲ.

* * *

"ಅದರಲ್ಲೇನಿದೆ ಸ್ವಾಮಿ ಅಂಥಾದ್ದು, ತುಕ್ಕು ಹಿಡಿದ ಕಬ್ಣ ತಾನೆ" ಅನ್ನುವವರಿಗೆ ಒಂದಿಷ್ಟು ವಿವರ. (ಎಂಜಿನಿಯರಿಂಗ್ ಓದಿದವನು, ಸ್ವಲ್ಪ ಕುಯ್ಯುತ್ತೇನೆ, ಬೇಜಾರಾದರೆ ಮುಂದಿನ ನಕ್ಷತ್ರಗಳಿಗೆ ಹಾರಿ.)

ಆಗಿನದು ಚಕಮಕಿ ಕೋವಿ. ಕುದುರೆಯ ಬಾಯಲ್ಲಿ ಒಂದು ಚಕಮಕಿ ಕಲ್ಲು ಕಚ್ಚಿಸಿರುತ್ತಾರೆ. ಬಿಲ್ಲು ಎಳೆದಾಗ ಅದು ಉಕ್ಕಿನ ತಟ್ಟೆಗೆ ಬಡಿದು ಕಿಡಿ ಹಾರಿಸುತ್ತೆ, ಕಿಡಿ ಕೆಳಗಿನ ಸಣ್ಣ ಬಟ್ಟಲಿನಲ್ಲಿರುವ ಮದ್ದಿಗೆ ಬೀಳುತ್ತೆ, ಆ ಬೆಂಕಿ ನಳಿಗೆಯ ಪಕ್ಕದ ತೂತಿನಿಂದ ಒಳಗೆ ಹೋಗಿ ಗುಂಡು ಹಾರುತ್ತೆ. ಒಂದು ಸಲ ಹಾರಿಸಿದರೆ ಮತ್ತೆ ಮದ್ದು, ಗುಂಡು, ಗಜ ಹಾಕಿ ಇಡಿಯೋದು. ಅಷ್ಟರಲ್ಲಿ ಎದುರಿನವನು ಮೈಮೇಲೆ ಬಿದ್ದಿರುತ್ತಾನೆ. ಹಾಗಾಗಿ ಮರು ತುಂಬದೆ ಎರಡನೇ ಸಲ ಹೊಡೆಯೋದು ಹೇಗೆ ಅನ್ನೋದೇ ಎಲ್ಲ ದೇಶಗಳ ಕೋವಿ ಕಮ್ಮಾರರ ತಲೆನೋವು. ರಿವಾಲ್ವರ್ ಅನ್ನೋದು ಈ ತಲೆನೋವಿಗೆ ಸಿಕ್ಕ ಮದ್ದು. ಎಲಿಶಾ ಕೊಲಿಯರ್‌ನ ಚಕಮಕಿ ರಿವಾಲ್ವರಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1818ರಲ್ಲಿ. ಸ್ಯಾಮ್ಯುಯಲ್ ಕೋಲ್ಟ್‌ಗೆ ಅಮೆರಿಕದಲ್ಲಿ ಸಿಕ್ಕಿದ್ದು 1836ರಲ್ಲಿ.

2015ರಲ್ಲಿ ಏಳು ಲಕ್ಷ ಪೌಂಡಿಗೆ ಹೋಯಿತು ಅಂದೆನಲ್ಲ, ಆ ಬೇಟೆ ಕೋವಿ ಎರಡು ಹೊಡೆತದ್ದು. ಒಂದೇ ನಳಿಗೆ, ಅದರೊಳಗೆ ಒಂದರ ಹಿಂದೆ ಒಂದು ಎರಡು ಸಲದ ಮದ್ದು-ಗುಂಡು. ಮುಂದಿನದು ಮೊದಲು ಹಾರಬೇಕು, ಹಿಂದಿನದಕ್ಕೆ ಬೆಂಕಿ ತಗುಲಬಾರದು. ತಗುಲಿದರೆ ನಳಿಗೆ ಸಿಡಿದು ಹೊಡೆಯುವವನ ಮುಖವೇ ಹೋಗುತ್ತೆ. ಈ ಉಪಾಯ ಯುರೋಪಿನಲ್ಲೂ ಇತ್ತು, ನಮ್ಮವರೇ ಕಂಡುಹಿಡಿದರು ಅಂತ ನಾನು ಕೊಚ್ಚಿಕೊಳ್ಳುತ್ತಿಲ್ಲ. ಆದರೆ ಆ ಅಳತೆ, ಆ ಬಿಗಿ, ಆ ಧೈರ್ಯ ಇರುವ ಕೈಗಳು ನಮ್ಮ ಕಾವೇರಿ ದಂಡೆಯಲ್ಲಿದ್ದವು. ಕೋಲ್ಟ್ ಆಗಿನ್ನೂ ಹುಟ್ಟೇ ಇರಲಿಲ್ಲ.

ಪಿಸ್ತೂಲುಗಳಂತೂ ಇನ್ನೂ ಚೆಂದ. ಜೋಡಿಯಲ್ಲಿ ಒಂದಕ್ಕೆ ಚಾಪು ಬಲಗಡೆ, ಇನ್ನೊಂದಕ್ಕೆ ಎಡಗಡೆ, ಕನ್ನಡಿಯಲ್ಲಿ ನೋಡಿದ ಹಾಗೆ. ಹುಲಿಪಟ್ಟೆ, ಹುಲಿತಲೆಯ ಕೆತ್ತನೆ, ಹುಲಿಮುಖದ ಆಕಾರಕ್ಕೆ ಬರೆದ 'ಹೈದರ್' ಎಂಬ ಮುದ್ರೆ. ವರ್ಷವನ್ನು ಟಿಪ್ಪು ತಾನೇ ತಂದ ಮೌಲೂದಿ ಲೆಕ್ಕದಲ್ಲಿ ಹಾಕಿರುತ್ತಾರೆ. ಹಾಗಾಗಿ ಯಾವ ಕೋವಿ ಯಾವ ವರ್ಷದ್ದು ಅಂತ ಕೋವಿಯೇ ಹೇಳುತ್ತೆ. ಸಾಫ್ಟ್‌ವೇರಿನವರಿಗೆ ಅರ್ಥವಾಗುವ ಮಾತಲ್ಲಿ ಹೇಳೋದಾದರೆ ಪ್ರತಿ ಕೋವಿಗೂ ವರ್ಷನ್ ನಂಬರ್ ಇದೆ, ಬರೆದವನ ಹೆಸರಿದೆ. ಇವತ್ತಿನ ಎಷ್ಟೋ ಕೋಡ್‌ನಲ್ಲಿ ಅದೂ ಇರೋದಿಲ್ಲ.

ಇದು ಒಂದೆರಡು ಶೋಕಿ ಕೋವಿಯ ಮಾತೂ ಅಲ್ಲ. ಪಟ್ಟಣ ಬಿದ್ದಮೇಲೆ ಇಂಗ್ಲಿಷರು ಮಾಡಿದ ಲೆಕ್ಕದಲ್ಲಿ 900ಕ್ಕೂ ಹೆಚ್ಚು ತೋಪು, ಒಂದು ಲಕ್ಷಕ್ಕೆ ಹತ್ತಿರ ಕೋವಿ, ಸಣ್ಣ ಆಯುಧ ಮಾಡುವ 11 ಕಮ್ಮಟ, ತೋಪಿನ ನಳಿಗೆ ಕೊರೆಯುವ ಯಂತ್ರಗಳಿದ್ದ ಎರಡು ಕಟ್ಟಡ. ಒಂದು ಲಕ್ಷ ಕೋವಿ ಕಣ್ರೀ! ಇವತ್ತು ಆ ದ್ವೀಪದಲ್ಲಿ ಅದರ ಗುರುತಾಗಿ ಏನು ಉಳಿದಿದೆ?

* * *

ಉಳಿದಿರೋದು ನೋಡಿ.

ಬೆಂಗಳೂರು-ಮೈಸೂರು ಜೋಡಿ ರೈಲು ಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರ ಮಾರ್ಚಿನಲ್ಲಿ ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಸಾವಿರ ಟನ್ ಆಸುಪಾಸಿನ ತೂಕ. ಅಮೆರಿಕದ ಕಂಪನಿಯೊಂದು ಬಂದು ಜಾಕಿ, ಉಕ್ಕಿನ ತೊಲೆ ಕೊಟ್ಟು ಸರಿಸಿತು. ಕೋಟಿಗಟ್ಟಲೆ ಖರ್ಚು. ನಿಜವಾಗಿ ಮೆಚ್ಚಬೇಕಾದ ಕೆಲಸ, ಒಡೆದುಹಾಕದೆ ಉಳಿಸಿದರಲ್ಲ. ಆದರೆ ಡಬ್ಬಿ ಉಳಿಸೋದಕ್ಕೆ ಕೋಟಿ ಸುರಿದವರು, ಡಬ್ಬಿಯಲ್ಲಿ ಏನಿತ್ತು ಅಂತ ಒಂದು ಬೋರ್ಡು ಬರೆಯೋದಕ್ಕೆ ಅಷ್ಟೇ ಮನಸ್ಸು ಮಾಡಬೇಡವೇ?

ಶಿವಮೊಗ್ಗ ಜಿಲ್ಲೆಯ ನಗರದಲ್ಲಿ 2018ರ ಜುಲೈನಲ್ಲಿ ಒಂದು ಪಾಳು ಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ ಸಿಕ್ಕವು. ಇದಕ್ಕೆ ಮುಂಚೆ 2002ರಲ್ಲೂ ಅದೇ ಊರಿನಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿದ್ದವು. ಆ ಮೊದಲ ಸಲ ಸಿಕ್ಕ ಕಬ್ಬಿಣದ ಕೊಳವೆಗಳು ರಾಕೆಟ್ ಅಂತ ಗುರುತಾಗೋದಕ್ಕೇ ವರ್ಷಗಳು ಬೇಕಾದವು. ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಇದೇ ಮೈಸೂರು ರಾಕೆಟ್ ನೋಡಿಕೊಂಡು ತನ್ನದನ್ನು ಮಾಡಿ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಸುರಿಸಿ ಊರು ಸುಟ್ಟಿದ್ದರು. ನಾವು ಮಾತ್ರ ಕೈಗೆ ಸಿಕ್ಕಾಗಲೂ ಏನಿದು ಅಂತ ತಲೆ ಕೆರೆದುಕೊಂಡೆವು. ಯಾಕೆ? ಹೋಲಿಸಿ ನೋಡೋದಕ್ಕೆ ನಮ್ಮ ಹತ್ತಿರ ಪಟ್ಟಿ ಇರಲಿಲ್ಲ. ಮತ್ತೆ ಅದೇ ಪಟ್ಟಿ!

ಇನ್ನು ಮನೆಮನೆಯ ಕೋವಿ. ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಕಾಡಂಚಿನ ಊರುಗಳಲ್ಲಿ ಹಂದಿ ಓಡಿಸೋಕೆ, ಬೆಳೆ ಕಾಯೋಕೆ ಅಂತ ತಾತನ ಕಾಲದ ಕೇಪಿನ ಕೋವಿ ಇಟ್ಟುಕೊಂಡವರಿದ್ದಾರೆ. ಚುನಾವಣೆ ಬಂತು ಅಂದರೆ ಠಾಣೆಗೆ ಒಪ್ಪಿಸು, ಮುಗಿದ ಮೇಲೆ ಬಿಡಿಸಿಕೊಂಡು ಬಾ. ತಾತ ಹೋದಮೇಲೆ ಲೈಸೆನ್ಸ್ ವರ್ಗ ಮಾಡಿಸೋದಕ್ಕೆ ಓಡಾಡೋರು ಯಾರು? ಮಗ ಬೆಂಗಳೂರಿನಲ್ಲಿ, ಮೊಮ್ಮಗ ಅಮೆರಿಕದಲ್ಲಿ. "ಸುಮ್ನೆ ತಲೆನೋವು, ಒಪ್ಸ್‌ಬುಡಪ್ಪ ಅತ್ಲಾಗೆ" ಅಂತ ಅಜ್ಜಿ ಹೇಳ್ತಾರೆ. ಕೋವಿ ಠಾಣೆ ಸೇರುತ್ತೆ. ಮೂಲೆಯಲ್ಲಿ ನಿಲ್ಲುತ್ತೆ. ಮರಕ್ಕೆ ಗೆದ್ದಲು, ಕಬ್ಬಿಣಕ್ಕೆ ತುಕ್ಕು.

2019ರ ಡಿಸೆಂಬರಿನಲ್ಲಿ ಆಯುಧ ಕಾಯಿದೆಗೆ ತಿದ್ದುಪಡಿ ಬಂತು. ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿ ಮೂರರಿಂದ ಎರಡಕ್ಕೆ ಇಳಿಯಿತು. ಅಪ್ಪ-ಅಜ್ಜನಿಂದ ಬಂದದ್ದಾದರೂ ಎರಡೇ. ಮೂರನೆಯದನ್ನು ಒಪ್ಪಿಸಬೇಕು. ಕೋವಿ ಕಡಿಮೆಯಾಗಬೇಕು ಅನ್ನೋದಕ್ಕೆ ನನ್ನ ಆಕ್ಷೇಪವಿಲ್ಲ, ಮದುವೆ ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವ ಶೂರರನ್ನು ನೋಡಿದವರು ಯಾರೂ ಆಕ್ಷೇಪಿಸಲಾರರು. ಆದರೆ ಎರಡು ಇಟ್ಟುಕೊಂಡು ಒಂದು ಒಪ್ಪಿಸು ಅಂದಾಗ ಮನುಷ್ಯ ಯಾವುದನ್ನು ಒಪ್ಪಿಸುತ್ತಾನೆ ಹೇಳಿ? ಕೆಲಸಕ್ಕೆ ಬರುವ ಹೊಸ ತೋಟಾ ಕೋವಿಯನ್ನೇ? ಇಲ್ಲ, ಮೂಲೆಯಲ್ಲಿರುವ ಹಳೆಯದನ್ನು. ಹೀಗೆ ಕಾನೂನೇ ಹಳೆಯದನ್ನು ಮೊದಲು ಹೊರಗೆ ಹಾಕಿಸಿತು.

ವಿಪರ್ಯಾಸ ಅಂದರೆ ಅದೇ 1959ರ ಕಾಯಿದೆಯ 45ನೇ ಸೆಕ್ಷನ್ನಿನಲ್ಲಿ ಒಂದು ಕಿಂಡಿ ಇದೆ. ಬಳಕೆ ತಪ್ಪಿದ ಮಾದರಿಯ, ಪ್ರಾಚ್ಯ ಮೌಲ್ಯದ, ರಿಪೇರಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಬಾರದ ಆಯುಧಕ್ಕೆ ಈ ಕಾಯಿದೆ ಅನ್ವಯಿಸುವುದಿಲ್ಲ ಅಂತ. ಎಷ್ಟು ಜನ ರೈತರಿಗೆ ಇದನ್ನು ಯಾರಾದರೂ ಹೇಳಿದ್ದಾರೆ? ಹೇಳಿದರೂ, ಇದು ಅಂಥ ಕೋವಿ ಅಂತ ನೋಡಿ ಹೇಳುವವರು ತಾಲ್ಲೂಕಿನಲ್ಲಿ ಯಾರಿದ್ದಾರೆ? (ದಯವಿಟ್ಟು ಈ ಪ್ಯಾರಾ ಓದಿಕೊಂಡು ಲೈಸೆನ್ಸ್ ಇಲ್ಲದೆ ಅಟ್ಟದ ಮೇಲಿಂದ ಕೋವಿ ಇಳಿಸಿ ಓಡಾಡಬೇಡಿ. ವಕೀಲರನ್ನು ಕೇಳಿ. ನಾನು ಬರೀ ಪ್ರೋಗ್ರಾಮರ್.)

* * *

ಈಗ ಜಗಳಕ್ಕೆ ಬರೋಣ.

"ದುಡ್ಡು ಕೊಟ್ಟು ವಾಪಸ್ ತರಬೇಕು" ಅನ್ನುವ ದೇಶಭಕ್ತರೇ, ಇದನ್ನು ಒಬ್ಬರು ಮಾಡಿ ತೋರಿಸಿದ್ದಾರೆ. ವಿಜಯ್ ಮಲ್ಯ 2003ರಲ್ಲಿ ಲಂಡನ್ ಹರಾಜಿನಲ್ಲಿ ಟಿಪ್ಪುವಿನ ಕತ್ತಿ ಕೊಂಡರು, ಒಂದೂವರೆ ಕೋಟಿ ರೂಪಾಯಿಯ ಆಸುಪಾಸು. ಆಗ ನಮ್ಮ ಪೇಪರುಗಳಲ್ಲಿ ಜಯಘೋಷವೋ ಜಯಘೋಷ. 2018ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಅವರ ಆಸ್ತಿಯ ಲೆಕ್ಕ ಬಂದಾಗ ತಿಳಿದದ್ದು, ಕತ್ತಿ ಅಪಶಕುನ ಅಂತ ಮನೆಯವರು ಹೇಳಿದ್ದಕ್ಕೆ ಯಾರಿಗೋ ಕೊಟ್ಟುಬಿಟ್ಟರಂತೆ! ಅಲ್ಲಿಗೆ ಮುಗಿಯಿತು ಕಥೆ. ಇಂಗ್ಲೆಂಡಿನ ಮನೆಯ ಗೋಡೆಯ ಮೇಲಿದ್ದಾಗ ಯಾರ ಹತ್ತಿರ ಇದೆ ಅಂತಲಾದರೂ ಗೊತ್ತಿತ್ತು. ಶ್ರೀಮಂತರೊಬ್ಬರ ಜೇಬನ್ನು ನಾಡಿನ ಮ್ಯೂಸಿಯಂ ಅಂದುಕೊಂಡರೆ ಆಗೋದು ಹೀಗೇ.

ಇನ್ನೊಂದು ಲೆಕ್ಕ. ಭಾವನೆಯಿಂದ ಕೊಂಡ ಪ್ರತಿ ವಸ್ತುವೂ ಮುಂದಿನ ವಸ್ತುವಿನ ಬೆಲೆ ಏರಿಸುತ್ತೆ. ಹರಾಜು ಕಂಪನಿಗೆ ಬೇಕಾಗಿರೋದೂ ಅದೇ. ನಾವು ಟಿವಿಯಲ್ಲಿ ಕೂಗಾಡಿದಷ್ಟೂ ಅವರಿಗೆ ಪುಕ್ಕಟೆ ಜಾಹೀರಾತು. 2023ರ ಅಕ್ಟೋಬರಿನಲ್ಲಿ ಕ್ರಿಸ್ಟೀಸ್‌ನಲ್ಲಿ ಇನ್ನೊಂದು ಕತ್ತಿ ಮಾರಾಟವಾಗದೆ ಉಳಿಯಿತು. ಅಂದರೆ ಆ ಸಂತೆಯಲ್ಲೂ ಏರಿಳಿತ ಇದೆ. ಅದರ ಹಿಂದೆ ಓಡೋದು ಸರ್ಕಾರದ ಕೆಲಸವೂ ಅಲ್ಲ, ನಮ್ಮ ತೆರಿಗೆ ದುಡ್ಡಿನ ಕೆಲಸವೂ ಅಲ್ಲ.

"ಕೇಸು ಹಾಕಿ ತರಬೇಕು" ಅನ್ನುವವರಿಗೆ ಉತ್ತರ ಸಣ್ಣದು. ನಮ್ಮ ಪ್ರಾಚ್ಯವಸ್ತು ಕಾಯಿದೆ 1972ರದು. ಯುನೆಸ್ಕೋ ಒಪ್ಪಂದ 1970ರದು. ಎರಡೂ ಹಿಂದಕ್ಕೆ ಹೋಗಿ 1799ನ್ನು ಹಿಡಿಯೋದಿಲ್ಲ. ಲೂಟಿ ಲೂಟಿಯೇ, ನೈತಿಕವಾಗಿ ಕೇಳೋಣ, ಕೇಳುತ್ತಲೇ ಇರೋಣ. ಆದರೆ ಕೇಳೋಕೆ ಹೋದಾಗ ಎದುರಿನವನು "ನಿಮ್ಮ ಹತ್ತಿರ ಇರೋದರ ಪಟ್ಟಿ ತೋರಿಸಿ, ಹೇಗೆ ಇಟ್ಟಿದ್ದೀರಿ ನೋಡೋಣ" ಅಂದರೆ ಏನು ತೋರಿಸುತ್ತೀರಿ?

ಇನ್ನು "ಟಿಪ್ಪುವಿನದು ಬೇಡವೇ ಬೇಡ" ಅನ್ನುವವರು. ನಿಮ್ಮ ನೋವಿಗೆ ಕಾರಣವಿಲ್ಲ ಅಂತ ನಾನು ಹೇಳೋದಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಮಂಡ್ಯಂ ಅಯ್ಯಂಗಾರ್ ಮನೆಗಳು ನರಕ ಚತುರ್ದಶಿಯ ದಿನ ದೀಪ ಹಚ್ಚೋದಿಲ್ಲ. ಕೊಡಗಿನವರ ನೆನಪು ಬೇರೆ. ಹಾಗೆಯೇ ನಾಗಮಂಗಲವನ್ನು 1792ರ ಸುಮಾರಿಗೆ ಹಾಳುಗೆಡವಿದ್ದು ಮರಾಠರ ದಂಡು ಅನ್ನೋದೂ, ಪಾಂಡವಪುರದ ಪಕ್ಕದ ಚಿನಕುರಳಿಯಲ್ಲಿ 1771ರಲ್ಲಿ ಹೈದರನ ಸೈನ್ಯವನ್ನು ಮುರಿದದ್ದು ಅವರೇ ಅನ್ನೋದೂ ನಮ್ಮ ನೆಲದ ನೆನಪೇ. ಪಾಂಡವಪುರಕ್ಕೆ ಫ್ರೆಂಚ್ ರಾಕ್ಸ್ ಅಂತ ಹೆಸರು ಬಂದದ್ದೇ ಇಲ್ಲಿ ಬೀಡುಬಿಟ್ಟ ಫ್ರೆಂಚ್ ಸಿಪಾಯಿಗಳಿಂದ. ಈ ನಾಲ್ಕು ತಾಲ್ಲೂಕಿನ ಮಣ್ಣಿನ ಮೇಲೆ ಎಲ್ಲರ ಗುಂಡೂ ಬಿದ್ದಿದೆ. ಅದಕ್ಕೇ ಹೇಳೋದು, ಕೋವಿಯನ್ನು ಇಡೋದು ರಾಜನಿಗೆ ಸರ್ಟಿಫಿಕೇಟ್ ಕೊಡೋದಕ್ಕಲ್ಲ. ಬೆಂಕಿಯ ಮುಂದೆ ಕೂತು ನಳಿಗೆ ಸುತ್ತಿದವನು, ಬೆಳ್ಳಿ ಎಳೆ ಕೂರಿಸಿದವನು, ಮರ ಕೆತ್ತಿದವನು, ಇವರ ಕೆಲಸ ಯಾವ ಪಕ್ಷದ್ದು? ಕೊಲ್ಲಿಸಿಕೊಂಡವರ ಕಡೆಯಿಂದ ನೋಡಿದರೂ ಸಾಕ್ಷಿ ಇರಬೇಕಲ್ಲವೇ? ಸಾಕ್ಷಿಯನ್ನು ಹೊರಗೆ ಹಾಕಿ ಯಾವ ಕೇಸು ಗೆಲ್ಲುತ್ತೀರಿ?

2015ನೇ ಇಸವಿಯನ್ನೇ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ ವಿಗಿಂಗ್ಟನ್ನನ 30 ಲಾಟು ಲಂಡನ್ನಿನಲ್ಲಿ ಚದುರಿ ಹೋದವು. ಅದೇ ವರ್ಷ ನವೆಂಬರಿನಲ್ಲಿ ಇಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರುಮಾಡಿತು, ಮಡಿಕೇರಿಯಲ್ಲಿ ಗಲಭೆಯಾಗಿ ಸಾವೂ ಆಯಿತು. 2019ರಲ್ಲಿ ಇನ್ನೊಂದು ಸರ್ಕಾರ ಜಯಂತಿ ನಿಲ್ಲಿಸಿತು. ಪರ ಇದ್ದವರೂ ವಿರೋಧ ಇದ್ದವರೂ ಗಂಟಲು ಹರಿಯುವಷ್ಟು ಕೂಗಿದರು. ಆ 30 ಲಾಟಿನ ಫೋಟೋ, ಅಳತೆ, ಮುದ್ರೆಗಳ ವಿವರ ಕನ್ನಡದಲ್ಲಿ ಒಂದು ಪುಟ ಬರೆದಿಡೋಣ ಅಂತ ಎರಡೂ ಕಡೆಯವರಲ್ಲಿ ಎಷ್ಟು ಜನಕ್ಕೆ ಅನ್ನಿಸಿತು?

"ಕೊಲ್ಲುವ ವಸ್ತುವಿಗೆ ಯಾಕಿಷ್ಟು ಮಮಕಾರ" ಅಂತ ಕೇಳುವ ಗೆಳೆಯರೂ ಇದ್ದಾರೆ. ಆಯುಧಪೂಜೆಯ ದಿನ ಲ್ಯಾಪ್‌ಟಾಪಿಗೂ ಕುಂಕುಮ ಇಡುವ ನಾಡು ನಮ್ಮದು. ಮಮಕಾರ ಬೇಡ, ಪೂಜೆಯೂ ಬೇಡ. ತಿಳಿವಳಿಕೆ ಸಾಕು.

* * *

ಬರೀ ಬೈದರೆ ಏನು ಪ್ರಯೋಜನ, ಏನು ಮಾಡಬೇಕು ಅಂತ ಹೇಳು ಅಂತೀರಿ. ಹೇಳ್ತೀನಿ.

ನಮಗೆ ಪಟ್ಟಿ ಮಾಡೋದು ಬರೋದಿಲ್ಲ ಅಂತೇನಿಲ್ಲ. ಬಿ.ಎಲ್. ರೈಸ್ 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದಾಗ ಊರೂರಿನ ಕಲ್ಲಿಗೆ ತಾಲ್ಲೂಕುವಾರು ನಂಬರ್ ಬಿತ್ತು. ಮೈಸೂರು ವಿಶ್ವವಿದ್ಯಾನಿಲಯದವರು ಅದನ್ನು ಪರಿಷ್ಕರಿಸಿ 1977ರಲ್ಲಿ ತಂದ ಆರನೇ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಇವೆ, 1979ರ ಏಳನೇ ಸಂಪುಟದಲ್ಲಿ ನಾಗಮಂಗಲ ಇದೆ. ಹೊಲದ ಬದುವಿನಲ್ಲಿ ಬಟ್ಟೆ ಒಗೆಯುತ್ತಿದ್ದ ಕಲ್ಲಿಗೂ ಒಂದು ನಂಬರ್, ಓದು, ಅರ್ಥ. ಅದಾದ ಮೇಲೇ ಅಲ್ಲವೇ ಆ ಕಲ್ಲುಗಳು ಇತಿಹಾಸವಾದದ್ದು? ಕಲ್ಲಿಗೆ ಆದದ್ದು ಕಬ್ಬಿಣಕ್ಕೆ ಯಾಕಾಗಬಾರದು? ರಾಜಸ್ಥಾನದವರು ಮಾಡಿಕೊಂಡಿದ್ದಾರೆ. ಜೈಪುರದ ಅರಮನೆಯ ಆಯುಧಗಳ ಮೇಲೆ 2015ರಲ್ಲಿ, ಜೋಧ್‌ಪುರ ಕೋಟೆಯ ಆಯುಧಗಳ ಮೇಲೆ 2017ರಲ್ಲಿ ರಾಬರ್ಟ್ ಎಲ್‌ಗುಡ್ ಅವರ ದೊಡ್ಡ ದೊಡ್ಡ ಪುಸ್ತಕಗಳು ಬಂದವು. ಮೈಸೂರು ಅರಮನೆಯ ಆಯುಧಶಾಲೆಗೆ, ದರಿಯಾ ದೌಲತ್ತಿನ ಮ್ಯೂಸಿಯಮ್ಮಿಗೆ, ಶಿವಮೊಗ್ಗದಲ್ಲಿಟ್ಟಿರುವ ರಾಕೆಟ್ಟುಗಳಿಗೆ ಅಂಥದ್ದೊಂದು ಬೇಕು, ಕನ್ನಡದಲ್ಲಿ ಬೇಕು, ನೆಟ್ಟಿನಲ್ಲಿ ಪುಕ್ಕಟೆ ಸಿಗಬೇಕು.

ಎರಡನೆಯದು, ಠಾಣೆಗೆ ಒಪ್ಪಿಸಿದ ಹಳೆಯ ಕೋವಿಯನ್ನು ವಿಲೇವಾರಿ ಮಾಡುವ ಮೊದಲು ಪುರಾತತ್ವ ಇಲಾಖೆಯವರು ಒಂದು ಸಲ ನೋಡಬೇಕು. ಜಿಲ್ಲೆಗೆ ವರ್ಷಕ್ಕೆ ಒಂದು ದಿನ ಸಾಕು. ಸದ್ದು ಮಾಡದ ಹಾಗೆ ನಿಷ್ಕ್ರಿಯ ಮಾಡಿ, ತಾಲ್ಲೂಕು ಕೇಂದ್ರದಲ್ಲಿ ಗಾಜಿನ ಕಪಾಟಿನಲ್ಲಿ ಇಡಿ. ಪಕ್ಕದಲ್ಲಿ ಕೊಟ್ಟವರ ಊರಿನ ಹೆಸರು ಬರೆಯಿರಿ. ಹೀಗೆ ಮಾಡಿದರೆ ಅಜ್ಜಿಗೂ ಕೊಡೋಕೆ ಮನಸ್ಸು ಬರುತ್ತೆ.

ಮೂರನೆಯದು ನಮ್ಮ ಕೆಲಸ, ಬ್ಲಾಗ್ ಬರೆಯುವವರದ್ದು. ನಾವು ಊರಿಗೆ ಹೋದಾಗ ಗದ್ದೆ, ಸೂರ್ಯಾಸ್ತ, ಅಜ್ಜಿ ಮಾಡಿದ ಕಡುಬು ಎಲ್ಲದರ ಫೋಟೋ ಹಾಕುತ್ತೇವೆ. ಊರ ಗುಡಿಯ ಮುಂದೆ ನೆಟ್ಟ ತೋಪಿನ ತುಂಡು, ಪಾಳೇಗಾರರ ಮನೆಯ ಮದ್ದಿನ ಕೊಂಬು, ಲೈಸೆನ್ಸ್ ಇರುವ ಮನೆಯ ಕೇಪಿನ ಕೋವಿ, ಇವುಗಳ ಫೋಟೋನೂ ಒಂದು ಇರಲಿ. ಮಾಲೀಕರ ಹೆಸರು, ಮನೆ ವಿಳಾಸ ಹಾಕಬೇಡಿ, ಕಳ್ಳರಿಗೆ ಮ್ಯಾಪ್ ಕೊಟ್ಟ ಹಾಗಾಗುತ್ತೆ. ಉದ್ದ ಎಷ್ಟು, ನಳಿಗೆಯ ಬಾಯಿ ಎಷ್ಟು ಅಗಲ, ಚಾಪಿನ ಮೇಲೆ ಏನು ಬರೆದಿದೆ, ಮನೆಯವರು ಅದಕ್ಕೆ ಏನು ಹೆಸರಿಟ್ಟು ಕರೆಯುತ್ತಾರೆ, ಇಷ್ಟು ಸಾಕು. ಕೊನೆಯದಂತೂ ಯಾವ ಲಂಡನ್ನಿನ ಪುಸ್ತಕದಲ್ಲೂ ಸಿಗೋದಿಲ್ಲ. ಚಾಪು, ಕುದುರೆ, ಬಿಲ್ಲು, ಗಜ, ಕೇಪು ಅನ್ನೋ ಈ ಪದಗಳು ನಮ್ಮ ಹಿಂದಿನ ತಲೆಮಾರಿನ ಜೊತೆಗೇ ಹೋಗಿಬಿಡುತ್ತವೆ.

ಹಾಗೇ ಮನೆಯವರಿಗೆ ಒಂದು ಮಾತು ಹೇಳಿ ಬನ್ನಿ: ಹಳೆಯ ಕೋವಿಯನ್ನು ಉಪ್ಪುಕಾಗದ ಹಾಕಿ ಉಜ್ಜಬೇಡಿ, ಹಬ್ಬಕ್ಕೆ ಅಂತ ಕರಿ ಪೇಂಟ್ ಬಳಿಯಬೇಡಿ. ಉಜ್ಜಿದರೆ ತುಕ್ಕಿನ ಜೊತೆ ಮುದ್ರೆಯೂ ಹೋಗುತ್ತೆ. ಮುದ್ರೆ ಹೋದ ಕೋವಿ ಹೆಸರು ಮರೆತ ಮನುಷ್ಯನ ಹಾಗೆ, ಯಾವ ಊರು, ಯಾರ ಮಗ, ಏನೂ ಹೇಳೋಕೆ ಬರೋದಿಲ್ಲ. ಮದ್ದು ತುಂಬಿ ಪರೀಕ್ಷೆ ಮಾಡೋಕಂತೂ ಹೋಗಲೇಬೇಡಿ, ಇನ್ನೂರು ವರ್ಷದ ಕಬ್ಬಿಣಕ್ಕೆ ನಿಮ್ಮ ಮೇಲೆ ಯಾವ ದಯೆಯೂ ಇರೋದಿಲ್ಲ.

ಆ ಇಪ್ಪತ್ತು ಕೋಟಿಯ ಕೋವಿ ನಮಗೆ ಸಿಗುತ್ತೋ ಇಲ್ಲವೋ, ನನಗಂತೂ ಅದರ ಚಿಂತೆ ಇಲ್ಲ. ನಮ್ಮ ಚಿಂತೆ ಠಾಣೆಯ ಮೂಲೆಯಲ್ಲಿರೋದರದ್ದು. ಅದಕ್ಕೆ ಹರಾಜು ಕೂಗೋರು ಯಾರೂ ಇಲ್ಲ, ನಿರ್ಬಂಧ ಹಾಕುವ ಮಂತ್ರಿಯೂ ಇಲ್ಲ. ಗೆದ್ದಲು ಮಾತ್ರ ದಿನಾ ಹೋಗಿ ವಿಚಾರಿಸಿಕೊಂಡು ಬರ್ತಾ ಇದೆ.

ಶುರು ಮಾಡೋಣವಾ? ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ನನ್ನ ಪಾಲಿಗಿರಲಿ. ನಿಮ್ಮ ತಾಲ್ಲೂಕು ಯಾವುದು?